ಜೇಬು

ಔದ್ರೊನೆ ಕೆಲಸ ಮಾಡುವುದು ಒಂದು ಜೇಬಿನ ಮೇಲೆ.
ದರ್ಜಿಯಲ್ಲ. ಕಿಣ್ವವೊಂದರ ಮಡಿಕೆಗಳ ನಡುವಿನ ಗುಳಿ ಅದು.
ಹತ್ತೊಂಬತ್ತು ವರ್ಷದಿಂದ ಅದನ್ನೇ ಬಿಚ್ಚುತ್ತಾಳೆ, ಹೊಲಿಯುತ್ತಾಳೆ,
ಕಣ್ಣಾರೆ ಒಮ್ಮೆಯೂ ಕಂಡಿಲ್ಲ.

ವಿಲ್ನಿಯಸ್, ಫೆಬ್ರವರಿ. ನೆರಿಸ್ ನದಿಯ ಅಂಚು ಹೆಪ್ಪುಗಟ್ಟಿ
ನಡುವಲ್ಲಿ ಮಾತ್ರ ಒಂದು ಕಪ್ಪು ಸೀಳು ಹರಿಯುತ್ತಿದೆ.
ಟ್ರಾಲಿಬಸ್ಸಿನ ಕೋಲು ತಂತಿಯಿಂದ ಜಾರಿತೆಂದು
ಚಾಲಕ ಗೊಣಗುತ್ತ ಇಳಿದ. ಅವಳೂ ಇಳಿದಳು,
ಉಳಿದ ದಾರಿ ನಡೆದಳು. ಪ್ರಯೋಗಾಲಯದಲ್ಲಿ ಕೊಳವೆಗಳು
ಮೂವತ್ತೇಳು ಡಿಗ್ರಿಯ ಬೆಚ್ಚಗೆಯಲ್ಲಿ ಕಾದಿದ್ದವು.

ಕನ್ನಡದಲ್ಲಿ ಇದನ್ನು ಹೇಳುವುದು ಸುಲಭ.
ಕ ಇದೆ. ತಲೆಕಟ್ಟು ತೆಗೆದು ಕೊಕ್ಕೆಯೊಂದನ್ನು ಸಿಕ್ಕಿಸಿ:
ಕ್.
ಅಕ್ಷರ ಅಲ್ಲೇ ಇದೆ, ಯಾರೂ ಕದ್ದಿಲ್ಲ,
ಉಸಿರು ಮಾತ್ರ ಹೋಯಿತು.
ಮೀಥೈಲ್ ಅಂದರೆ ಅಷ್ಟೆ: ಒಂದು ಇಂಗಾಲ, ಮೂರು ಜಲಜನಕ,
ಡಿಎನ್‌ಎಯ ನೆತ್ತಿಗೊಂದು ಕೊಕ್ಕೆ.
ಯಕೃತ್ತು ಗಟ್ಟಿಯಾಗಿ ಓದುವ ಸಾಲನ್ನು
ಕಣ್ಣು ಓದದೆ ಹಾಳೆ ಮಗುಚುವುದು ಹೀಗೆ.

ಕೊಕ್ಕೆ ಹಾಕುವ ಕಿಣ್ವ ಬಲು ಶಿಸ್ತಿನದು.
ಏಣಿಯ ಒಂದು ಮೆಟ್ಟಿಲನ್ನು ಹೊರಕ್ಕೆ ತಿರುಗಿಸಿ, ಜೇಬಿಗಿಳಿಸಿ,
ಗುರುತು ಹಾಕಿ, ಮತ್ತೆ ಒಳಕ್ಕೆ ತಿರುಗಿಸಿಡುತ್ತದೆ
ಅಂಚೆ ಮುದ್ರೆ ಒತ್ತುವವನ ಹಾಗೆ, ತಲೆಯೆತ್ತದೆ.
ಔದ್ರೊನೆ ಅದಕ್ಕೆ ಸುಳ್ಳು ಹೇಳುತ್ತಾಳೆ.
ಮೀಥೈಲಿನ ಜಾಗದಲ್ಲಿ ಉದ್ದ ಬಾಲದ ಬೇರೇನೋ ಕೊಟ್ಟು
'ತಗೋ, ಅದೇ ಇದು' ಅನ್ನುತ್ತಾಳೆ.
ಬಾಲದ ತುದಿಗೆ ಆಮೇಲೆ ಹೊಳೆಯುವ ಬಣ್ಣ ಕಟ್ಟಬಹುದು,
ಎಲ್ಲೆಲ್ಲಿ ಕೊಕ್ಕೆ ಇರಲಿಲ್ಲವೋ ಅಲ್ಲೆಲ್ಲ ದೀಪ.

ಕಿಣ್ವ ನಂಬಲಿಲ್ಲ. ಹನ್ನೊಂದು ತಿಂಗಳು ನಂಬಲಿಲ್ಲ.
ಜೇಬು ಬಿಗಿ, ಬಾಲ ಉದ್ದ.
ವಿದ್ಯಾರ್ಥಿ ಮಾಂತ್‌ವಿದಾಸ್ ಜೇಬಿನ ಗೋಡೆಯ
ಎರಡು ದಪ್ಪ ಅಮೈನೊ ಆಮ್ಲ ಕಿತ್ತು ಸಣ್ಣವನ್ನು ಕೂರಿಸಿದ,
ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲ ಬಿಟ್ಟಂತೆ.

ಅವಳ ಹೆಸರಿಗೂ ಬಾಲವಿತ್ತು. ಆ ನಾಡಿನ ರೂಢಿ:
ಮಗಳ ಮನೆತನದ ಹೆಸರಿಗೆ ಒಂದು ಬಾಲ, ಹೆಂಡತಿಯದಕ್ಕೆ ಇನ್ನೊಂದು,
ಕೇಳಿದೊಡನೆ ಗೊತ್ತಾಗಬೇಕು ಮದುವೆಯಾಗಿದೆಯೋ ಇಲ್ಲವೋ.
ವಿಚ್ಛೇದನದ ವರ್ಷ ಅರ್ಜಿ ಕೊಟ್ಟಳು,
ಗಿರ್ದ್‌ವೈನಿಯೆನೆ ಗಿರ್ದ್‌ವೈನೆ ಆಯಿತು.
'ಇದರಿಂದ ಏನು ತಿಳಿಯುತ್ತೆ?' ಗುಮಾಸ್ತೆ ಕೇಳಿದಳು.
'ಏನೂ ಇಲ್ಲ. ಅದಕ್ಕೇ.'

ಹೋದ ವಾರ ರೇಡಿಯೊದವರು ಬಂದಿದ್ದರು.
ಅಜ್ಜಿ ಸ್ತಾಸೆ, ಯುದ್ಧದ ವರ್ಷ ಗೂಡ್ಸ್ ರೈಲಿನಲ್ಲಿ ಗಡೀಪಾರಾಗಿ
ಲಾಪ್ತೆವ್ ಕಡಲ ದಂಡೆಯಲ್ಲಿ ಮಂಜಿನ ಮೇಲೆ ಮೀನು ಸೀಳಿದವಳು.
'ಆ ಹಸಿವು ನಿಮ್ಮ ಜೀವಕೋಶದಲ್ಲೂ ಬರೆದಿದೆ, ಅಲ್ಲವೇ?'
ಹೌದು ಅಂದಿದ್ದರೆ ಒಳ್ಳೆಯ ಕಾರ್ಯಕ್ರಮವಾಗುತ್ತಿತ್ತು.
'ಇಲಿಗಳಲ್ಲಿ ಒಂದಿಷ್ಟು ಗೊತ್ತು. ಮನುಷ್ಯರಲ್ಲಿ, ಮೊಮ್ಮಕ್ಕಳವರೆಗೆ,
ಗೊತ್ತಿಲ್ಲ. ನಮ್ಮಜ್ಜಿಯನ್ನು ನಾನು ಅಳೆದಿಲ್ಲ.'
ಪ್ರಸಾರವಾದಾಗ ಈ ಮಾತು ಇರಲಿಲ್ಲ.

ರಾತ್ರಿ ಒಂದೂವರೆಗೆ ಜೆಲ್ಲಿನ ಮೇಲೆ ಒಂದು ಪಟ್ಟಿ
ಇರಬೇಕಾದ್ದಕ್ಕಿಂತ ಕೂದಲೆಳೆ ಮೇಲೆ ನಿಂತಿತು.
ಬಾಲ ಹೊತ್ತದ್ದು ನಿಧಾನ ಓಡುತ್ತದೆ.
'ಕೊಳೆ ಇರಬಹುದು' ಅಂದ ಮಾಂತ್‌ವಿದಾಸ್, ನಗು ತಡೆದು.
'ಇರಬಹುದು. ನಾಳೆ ಮತ್ತೆ. ನಾಡಿದ್ದು ಮತ್ತೆ.'

ಹೊರಗೆ ಕೀಲಿಗಾಗಿ ಕೋಟಿನ ಜೇಬಿಗೆ ಕೈ ಹಾಕಿದರೆ
ಬೆರಳಿಗೆ ಸಿಕ್ಕಿದ್ದು ರೈ ಬ್ರೆಡ್ಡಿನ ಒಣಗಿದ ಅಂಚು.
ಅಜ್ಜಿ ಸತ್ತಾಗ ನಾಲ್ಕು ಕೋಟು ಕೊಡವಿದ್ದರು,
ನಾಲ್ಕರಲ್ಲೂ ಇಂಥದೇ. ಅಮ್ಮನ ಕೈಚೀಲದಲ್ಲೂ.
ಇದನ್ನು ತಾನೇ ಹಾಕಿದ್ದು ಯಾವಾಗ, ನೆನಪಿಲ್ಲ.
ನೋಡಿ ಕಲಿತದ್ದೋ, ಬರೆದೇ ಬಂದದ್ದೋ?
ಮಾದರಿ ಒಂದೇ. ಹೋಲಿಸಲು ಅಜ್ಜಿ ಹಸಿಯದೆ ಬೆಳೆದ
ಇನ್ನೊಬ್ಬ ಔದ್ರೊನೆ ಬೇಕು.

ಕಲ್ಲಿನಂತಿತ್ತು. ಬಾಯಲ್ಲಿಟ್ಟುಕೊಂಡಳು,
ಮೆತ್ತಗಾಗುವಷ್ಟರಲ್ಲಿ ಸೇತುವೆ ದಾಟಿದ್ದಳು.