ಎರಡು ಬೆರಳು

ಬೈಕಂಪಾಡಿಯ ಗೇಟು ದಾಟಿದಾಗ
ರಾತ್ರಿ ಹನ್ನೊಂದೂ ಕಾಲು.
ತೊಂಬತ್ತಾರು ಚಕ್ರ, ಮೇಲೊಂದು ಟಾರ್ಪಾಲು,
ಟಾರ್ಪಾಲಿನೊಳಗೆ ಉಕ್ಕಿನ ಉಂಗುರ,
ಅದರ ನೆತ್ತಿಯಲ್ಲಿ ಒಣಬಿದಿರು ಹಿಡಿದ ನಾನು.

ನನ್ನ ಕೆಲಸ ಇಷ್ಟೇ, ತಂತಿ ಎತ್ತುವುದು.
ಬಿದಿರಿನ ತುದಿಗೆ ಕವೆ, ಕವೆಗೆ ಸುತ್ತಿದ ಸೈಕಲ್ ಟ್ಯೂಬು.
ಕರೆಂಟಿನದ್ದನ್ನು ಮೆಸ್ಕಾಂನವರು ಮೊದಲೇ ಬಿಚ್ಚಿರುತ್ತಾರೆ.
ಉಳಿದದ್ದು ಟೀವಿಯದ್ದು, ಫೋನಿನದ್ದು,
ಯಾರದೋ ಮದುವೆಯ ಮಿಣುಕು ದೀಪದ ಸರ,
ಕಬಡ್ಡಿ ಪಂದ್ಯಾಟದ ಬ್ಯಾನರು ಕಟ್ಟಿದ ನೈಲಾನು.
ಮಗಳಿಗೆ ಸರ ಹಾಕುವಾಗ ಜಡೆ ಎತ್ತುತ್ತೇವಲ್ಲ,
ಹಾಗೆ ಎತ್ತಿ, ಹಿಂದಕ್ಕೆ ದಾಟಿಸಿ, ಇಳಿಸಬೇಕು.

“ರಾಕೆಟ್ಟಾ?” ಎಂದು ಕೇಳಿದ ಕೂಳೂರಿನಲ್ಲಿ
ಬಲೆಯ ಮೂಟೆ ಹೊತ್ತ ಹುಡುಗ.
ಅಲ್ಲ ಮಾರಾಯ, ರಾಕೆಟ್ಟು ನಿಲ್ಲುವ ಜಾಗ.
ಹಾರುವವರೆಗೆ ಅದು ಕಾಲೂರುವ ಬಳೆ.
ಹುಡುಗನ ಮುಖ ಸಪ್ಪೆಯಾಯಿತು.
ಮೊದಲು ಕೇಳಿದಾಗ ನನ್ನದೂ ಹಾಗೇ ಆಗಿತ್ತು.

ಸೇತುವೆಯ ಬುಡದಲ್ಲಿ ಹೈಮವತಿ ಮೇಡಂ
ಎಲ್ಲರನ್ನೂ ಇಳಿಸಿದರು.
ಲಿಗೋರಿ ಒಬ್ಬನೇ ಸ್ಟೇರಿಂಗಿನಲ್ಲಿ,
ನಡುವಿನ ಗೀಟು ಬಿಡದೆ, ಬ್ರೇಕು ಮುಟ್ಟದೆ.
ನಾವು ಕಟಕಟೆಗೆ ಅಂಗೈ ಇಟ್ಟು ಜೊತೆಗೆ ನಡೆದೆವು.
ಫಲ್ಗುಣಿಯಲ್ಲಿ ಇಳಿತ, ಕೆಸರಿನ ವಾಸನೆ.
ಜ್ವರದವರ ಮೈ ಮುಟ್ಟಿದ ಹಾಗೆ
ಅಂಗೈಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು ಕಾಂಕ್ರೀಟು.
ಆಚೆ ದಡದಲ್ಲಿ ಲಿಗೋರಿ ಬಾಗಿಲು ತೆರೆದು ಉಗುಳಿದ.
ಶಿಲುಬೆಯ ಗುರುತು ಹಾಕಲಿಲ್ಲ,
ಅದನ್ನು ಪಡೀಲಿಗೆ ಉಳಿಸಿಟ್ಟಿದ್ದ.

ಪಂಪ್‌ವೆಲ್ಲಿನ ತಿರುವಿಗೆ ಒಂದೂವರೆ ಗಂಟೆ.
ಅಂಗಡಿಯ ಬೋರ್ಡು ಬಿಚ್ಚಿ, ಡಿವೈಡರಿನ ಕಲ್ಲು ಎಬ್ಬಿಸಿ,
ಮುಂದೆ ಒಂದು ಗೇಣು, ಹಿಂದೆ ಅರ್ಧ ಗೇಣು.
ಮೇಡಂ ಹೇಳಿದರು, ಮೇಲೆ ಸೇರಿದ ನಂತರ
ನಾವು ಬಂದಷ್ಟು ದಾರಿ ಅದಕ್ಕೆ
ಒಂದೂವರೆ ಸೆಕೆಂಡು.
“ಅದಕ್ಕೆ ಪಂಪ್‌ವೆಲ್ ಇಲ್ವಲ್ಲ ಮೇಡಂ” ಅಂದ ಲಿಗೋರಿ.

ಪಡೀಲಿನ ರೈಲು ಸೇತುವೆಯಡಿ
ಮೂರು ಸಲ ಅಳೆದು ಬರೆದಿಟ್ಟ ಅಂತರ, ಎರಡು ಬೆರಳು.
ಏಣಿ ಹತ್ತಿದೆ. ಬೆರಳು ಹೋಗಲಿಲ್ಲ.
ಉಗುರೂ ಹೋಗಲಿಲ್ಲ.
ಹೋದ ವಾರ ಯಾರೋ ಹೊಸ ಡಾಮರು ಹಾಕಿದ್ದಾರೆ.
ಒಳ್ಳೆಯ ಡಾಮರು, ಎರಡು ಬೆರಳು ದಪ್ಪ.

ಮೇಡಂ ಲ್ಯಾಪ್‌ಟಾಪು ತೆರೆದರು, ಮುಚ್ಚಿದರು.
ಉಳ್ಳಾಲದ ಪೊಡಿಯಬ್ಬ, ಟಯರಿನವ,
ಬೀಡಿ ಕಿವಿಗೆ ಸಿಕ್ಕಿಸಿ ಮೊಣಕಾಲೂರಿ
ಮೊದಲ ಚಕ್ರದ ಗಾಳಿ ಬಿಟ್ಟ.
ಉಸ್ಸ್. ನಿಲ್ಲಿಸಿದ. ಇನ್ನೊಂದು. ಉಸ್ಸ್.
ಗೇಜು ನೋಡಲಿಲ್ಲ, ತಲೆ ಓರೆ ಮಾಡಿ ಕೇಳುತ್ತಿದ್ದ
ಮಗು ನಿದ್ದೆ ಹೋಯಿತೇ ಎಂದು ಕೇಳುವವರಂತೆ.

“ಏತುಂಡು ದೂಮಣ್ಣ?” ಕೆಳಗಿನಿಂದ.
“ಒಂಜಿ.”
ಉಸ್ಸ್.
ಅಷ್ಟರಲ್ಲಿ ಮೇಲೆ ಗೂಡ್ಸು ಬಂತು.
ಸೇತುವೆ ತಗ್ಗಿತು, ಕಣ್ಣಿಗೆ ತುಕ್ಕಿನ ಪುಡಿ,
ಬೆರಳು ಎಳೆದುಕೊಂಡೆ.
ಐವತ್ತೆಂಟು ಡಬ್ಬಿ ಎಣಿಸಿದೆ, ಏಣಿ ತಬ್ಬಿಕೊಂಡು.
“ಏತುಂಡು?”
“ರಡ್ಡ್.”
ಆಗ ಲಿಗೋರಿ ಹಣೆ ಮುಟ್ಟಿದ, ಎದೆ ಮುಟ್ಟಿದ, ಗೇರು ಹಾಕಿದ.

ಬಿ.ಸಿ. ರೋಡಿನಲ್ಲಿ ಬೆಳಗಾಯಿತು.
ಅಲ್ಲಿಂದ ಬೇರೆಯವರು, ಬೇರೆ ಬಿದಿರು.
ಆಚೆ ಕಡಲು ಹೇಗಿದೆಯೋ, ನಾನು ನೋಡಿಲ್ಲ.

ಹನ್ನೊಂದು ತಿಂಗಳ ಮೇಲೆ ಪಣಂಬೂರಿನ ಹೋಟೆಲಿನಲ್ಲಿ
ಟೀವಿಯ ಸದ್ದು ಜಾಸ್ತಿ ಮಾಡಿದರು.
ಮೂರು, ಎರಡು, ಒಂದು, ಬಿಳಿ ಹೊಗೆ.
ಎಲ್ಲರ ಗಲ್ಲ ಮೇಲಕ್ಕೆ. ಕ್ಯಾಮರಾವೂ ಮೇಲಕ್ಕೆ.
“ಕೆಳಗೆ, ಕೆಳಗೆ ತೋರಿಸಿ ಮಾರಾಯ್ರೆ!”
ನಾನು ಕೂಗಿದ್ದು ಯಾರಿಗೂ ಅರ್ಥವಾಗಲಿಲ್ಲ.

ಲೋಟ ಎತ್ತಿದೆ.
ಮೇಜಿನ ಮೇಲೆ ಒದ್ದೆಯ ಉಂಗುರ.
ಒರೆಸಲು ಬಂದ ಹುಡುಗನಿಗೆ
ಸ್ವಲ್ಪ ನಿಲ್ಲು ಎಂದೆ.