ಮೂರೂವರೆ ಲೀಟರ್

ಗೋಣಿಕೊಪ್ಪದಲ್ಲಿ ಚಂಗಪ್ಪಣ್ಣನ ಬಿಡಿಭಾಗದಂಗಡಿ.
ಗಾಜಿನ ಮೇಜಿನ ಮೇಲೆ ಮೂರು ಡಬ್ಬಿ, ಮೂರು ಬಣ್ಣದ ಮುಚ್ಚಳ.
ಒಂದಕ್ಕೆ ಹದಿನಾಲ್ಕು ನೂರು,
ಒಂದಕ್ಕೆ ಎರಡು ಸಾವಿರ ಚಿಲ್ಲರೆ,
ಇನ್ನೊಂದು ಮೂರು ಸಾವಿರದ ಇನ್ನೂರು.
ಎತ್ತಿ ನೋಡಿದೆ, ಮೂರೂ ಅಷ್ಟೇ ಭಾರ.

"ಡಾಕ್ಟ್ರೇ, ಎಣ್ಣೆ ಅಂದ್ರೆ ಎಣ್ಣೆ.
ನನ್ನ ಜೀಪಿಗೆ ಮೂವತ್ತು ವರ್ಷದಿಂದ ಡ್ರಮ್ಮಿಂದ ಅಳೆದದ್ದೇ."
ಅವನ ಜೀಪಿಗೆ ಟರ್ಬೊ ಇಲ್ಲ.
ಅವಸರವೂ ಇಲ್ಲ.

ನನ್ನದಕ್ಕೆ ಇದೆ: ಬಾನೆಟ್ಟಿನ ಕೆಳಗೆ
ಮುಷ್ಟಿ ಗಾತ್ರದ ಒಂದು ಕಬ್ಬಿಣದ ಬಸವನಹುಳು,
ಎಂಜಿನ್ನು ಬಿಟ್ಟ ಉಸಿರಿಗೇ ತಿರುಗುತ್ತದೆ
ನಿಮಿಷಕ್ಕೆ ಲಕ್ಷ ಸುತ್ತು, ಲಕ್ಷದ ಮೇಲೂ.
ಮಾಕುಟ್ಟದ ಏರು ಹತ್ತಿ ಬಂದರೆ ಒಳಗೆ ಕೆಂಡ.
ನಡುವಿನ ಕಡ್ಡಿ ಯಾವುದಕ್ಕೂ ತಾಗಿ ಕೂತಿಲ್ಲ,
ತೇಲುತ್ತದೆ, ಹಾಲಿನ ಕೆನೆಗಿಂತ ತೆಳುವಾದ
ಎಣ್ಣೆಯ ಒಂದು ಪದರದ ಮೇಲೆ.

ಹೋದ ಮಂಗಳವಾರ ಮೊಯ್ದು ಗಾಡಿಯಡಿ ನುಗ್ಗಿ
ಡ್ರೈನ್ ಬೋಲ್ಟ್ ಬಿಚ್ಚಿದ.
ಎಣ್ಣೆ ಬೀಳಲಿಲ್ಲ, ಯೋಚಿಸಿತು.
ಆಮೇಲೆ ಇಳಿಯಿತು ಕಾಚಂಪುಳಿಯ ಹಾಗೆ,
ಪಂದಿಕರಿಗೆ ಒಂದೇ ಚಮಚ ಸಾಕು ಅನ್ನುವಂಥ ಕಪ್ಪು.
ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದ, ಮೂಸಿದ.
ನಾನೂ ಉಜ್ಜಿದೆ, ಮೂಸಿದೆ.
ಕೆಚ್ಚಲು ಬಾತ ಹಸುವಿನ ಹಾಲನ್ನು,
ಕಂದು ಹಾಕಿದ ಎಮ್ಮೆಯ ಲೋಳೆಯನ್ನು
ಇಪ್ಪತ್ತೆರಡು ವರ್ಷದಿಂದ ಹೀಗೇ ಕೇಳಿದವಳು:
ಎಲ್ಲಿ ನೋವು, ಎಷ್ಟು ದಿನದಿಂದ?
ಸುಟ್ಟ ವಾಸನೆ. ನುಣುಪಿನೊಳಗೆ ಒಂದೆರಡು ಹರಳು.

"ಇದರ ಮೊದಲಿನವರು ಬಂದವರೇ ಕೀಲಿ ತಿರುಗಿಸಿದ್ದಾರೆ ಮೇಡಂ.
ನಿಲ್ಸಿದ ಕೂಡ್ಲೇ ಎಣ್ಣೆ ನಿಲ್ತದೆ.
ಚಕ್ರ ನಿಲ್ಲೋದಿಲ್ಲ, ಬಿಸಿ ನಿಲ್ಲೋದಿಲ್ಲ.
ಅಲ್ಲಿದ್ದ ಎಣ್ಣೆ ಅಲ್ಲೇ ಕರಟಿ ಹೋಗ್ತದೆ.
ಒಳ್ಳೇದು ತನ್ನಿ, ಪೂರ್ತಿ ಸಿಂಥೆಟಿಕ್.
ಮತ್ತೆ, ಮನೆ ಮುಟ್ಟಿದ ಮೇಲೆ ಒಂದು ನಿಮಿಷ
ಸುಮ್ಮನೆ ಓಡ್ಲಿಕ್ಕೆ ಬಿಡಿ."

ಕೈಪಿಡಿಯ ಇನ್ನೂರ ಹನ್ನೊಂದನೇ ಪುಟದ ಸಂಖ್ಯೆಯನ್ನು
ಅಂಗೈ ಮೇಲೆ ಬರೆದುಕೊಂಡು ಹೊರಟಿದ್ದೆ.
ದಾರಿಯಲ್ಲಿ ಪೊನ್ನಂಪೇಟೆಯ ಹಟ್ಟಿಯೊಂದರಲ್ಲಿ ಅಡ್ಡ ಬಿದ್ದ ಕರು,
ಭುಜದವರೆಗೆ ಕೈ, ಆಮೇಲೆ ಬಕೆಟ್ಟು, ಸೋಪು.
ಈಗ ಅಂಗೈಯಲ್ಲಿ ಮೂವತ್ತು ಮಾತ್ರ ಉಳಿದಿದೆ.
ಅದರ ಹಿಂದಿನದು ಐದೋ, ಸೊನ್ನೆಯೋ?
ಗಾಡಿಗೆ ವಾಪಸು ಹೋದೆ, ಪುಟ ಹುಡುಕಿದೆ.
ಐದು. ಪಕ್ಕದಲ್ಲಿ ಡಬ್ಲ್ಯೂ, ಅಂದರೆ ಚಳಿಗಾಲವಂತೆ.
ಶ್ರೀಮಂಗಲದ ಡಿಸೆಂಬರು ಇದನ್ನು ಓದಿದರೆ ನಕ್ಕೀತು,
ಹಿಮದ ದೇಶದ ಕೋಟನ್ನು ಯಾರೋ ಕೊಟ್ಟ ಹಾಗೆ.

ಅಪ್ಪ ಕೋವಿಗೆ ಎಣ್ಣೆ ಹಾಕುತ್ತಿದ್ದದ್ದು ಕೋಳಿಗರಿಯಲ್ಲಿ, ಒಂದೇ ಹನಿ.
ಒರೆಸಿ ಒರೆಸಿ ಹೇಳುತ್ತಿದ್ದ:
ಎಣ್ಣೆ ಇದೆ ಅಂತ ಕಣ್ಣಿಗೆ ಗೊತ್ತಾಗಬಾರದು,
ಇಲ್ಲ ಅಂತ ಕಬ್ಬಿಣಕ್ಕೆ ಗೊತ್ತಾಗಬಾರದು.

ಮೂರು ಸಾವಿರದ ಇನ್ನೂರು ಎಣಿಸಿದೆ.
ಚಂಗಪ್ಪಣ್ಣ ಒಂದು ಕೊಳವೆಯನ್ನು ಪುಕ್ಕಟೆ ಕೊಟ್ಟ, ಮರುಕದಿಂದ.

ಹನ್ನೊಂದೂವರೆ ರಾತ್ರಿ. ತಿತಿಮತಿಯಿಂದ ಬಂದೆ.
ಕರು ಉಳಿಯಲಿಲ್ಲ, ಹಸು ಉಳಿಯಿತು,
ಹಸುವಿನ ಒಡತಿ ನನ್ನ ಮೇಲೆ ಕೂಗಿದಳು,
ನಾನೂ ಕೂಗಿದೆ.
ಮನೆ ಮುಂದೆ ದೀಪ ಆರಿಸಿದೆ, ಕೀಲಿಗೆ ಕೈ ಹೋಯಿತು,
ಅಲ್ಲೇ ನಿಂತಿತು.
ಎಷ್ಟು ರಾತ್ರಿ ಹೀಗೆ ಬಂದವಳೇ ಬಾಗಿಲು ದೂಡಿ ಒಳಗೆ ನುಗ್ಗಿದ್ದೇನೆ,
ಎದುರು ಸಿಕ್ಕಿದ ಲೋಟ, ಸಿಕ್ಕಿದ ಮನುಷ್ಯ.

ಅಂದಾಜು ನಲವತ್ತು ಎಣಿಸಿರಬೇಕು.
ಜಗಲಿಗೆ ಬಂದ ನಾಣಯ್ಯ, ಟಾರ್ಚು ಹಿಡಿದು:
"ಗಾಡಿಗೆ ಏನಾಯ್ತು?"
"ಏನಿಲ್ಲ. ಎಣ್ಣೆ ಹೊಸತು."
ಅವನು ಟಾರ್ಚು ಆರಿಸಿದ. ಒಳಗೆ ಹೋಗಲಿಲ್ಲ.
ಮೆಟ್ಟಿಲ ಮೇಲೆ ಕೂತ.

ಡಬ್ಬಿಯಲ್ಲಿ ಇನ್ನೂ ಅರ್ಧ ಲೀಟರ್ ಇದೆ.