ಇಂಟರ್‌ಕೂಲರ್ ತೊಳೆದ ದಿನ

ಆನೆಕಾಡಿನ ಏರಿನಲ್ಲೇ ಲಾರಿಗೆ ದಮ್ಮು ಕಟ್ಟಿತ್ತಂತೆ.
ಮಂಗಳೂರಿಗೆ ಹೊರಟ ಒಂಬತ್ತು ಟನ್ ಕಾಫಿ ಬೆನ್ನಮೇಲೆ,
ಹಿಂದೆ ಕರಿಹೊಗೆಯ ಬಾಲ,
ಎರಡನೇ ಗೇರಿನಲ್ಲಿ ತೆವಳಿ ತೆವಳಿ
ಸುಂಟಿಕೊಪ್ಪದ ಮೊಯ್ದು ಗ್ಯಾರೇಜು ತಲುಪಿತ್ತು.
ಫೋನು ಬಂದು ನಾನು ಬಸ್ಸು ಹತ್ತಿ ಹೋದೆ.
ಡ್ರೈವರ್ ತಮ್ಮಯ್ಯ ಬೈದದ್ದು ಡೀಸೆಲ್ಲನ್ನು,
ನಾನು ಬೈದದ್ದು ತಮ್ಮಯ್ಯನನ್ನು.
ಮೊಯ್ದು ಯಾರನ್ನೂ ಬೈಯಲಿಲ್ಲ. ಕ್ಯಾಬಿನ್ ಎತ್ತಿ ಕಿವಿಯಿಟ್ಟ:
“ಗಾಳಿ ಸಾಲ್ತಿಲ್ಲ ಇದಕ್ಕೆ.”

ನಾಲ್ಕು ಬೋಲ್ಟು ಬಿಚ್ಚಿ ಹೊರಗೆಳೆದ
ಜೇನುಹುಟ್ಟಿನಂಥ ಅಲ್ಯೂಮಿನಿಯಂ ಹಲಗೆ.
ಸಂದುಸಂದಿನಲ್ಲೂ ಈಚಲುಹುಳದ ರೆಕ್ಕೆ.
ಮೊನ್ನೆ ಹೂಮಳೆ ಬಿದ್ದ ರಾತ್ರಿ ಹೆಡ್‌ಲೈಟಿಗೆ ಎದ್ದು ಬಂದವು,
ಸಾವಿರವೋ ಹತ್ತು ಸಾವಿರವೋ, ಒಂದಕ್ಕೊಂದು ಅಂಟಿ,
ಒಂದಿರುಳಿನ ಸಂಸಾರಕ್ಕೆ ಹೊರಟು ಇಲ್ಲಿ ಇಳಿದವು.

“ಟರ್ಬೊ ಗಾಳಿಯನ್ನು ಗುದ್ದಿ ತುಂಬ್ತದೆ ನೋಡಿ,” ಅಂದ ಮೊಯ್ದು,
ಸೀಮೆಎಣ್ಣೆ ಬ್ರಷ್ಷು ಆಡಿಸುತ್ತ.
“ಸೈಕಲ್ ಪಂಪು ಒತ್ತಿದರೆ ಬುಡ ಸುಡ್ತದಲ್ಲ, ಹಾಗೆ
ಗುದ್ದಿಸಿಕೊಂಡ ಗಾಳಿಗೆ ಸಿಟ್ಟು ಬರ್ತದೆ.
ಸಿಟ್ಟು ಬಂದದ್ದು ಉಬ್ಬುತ್ತದೆ. ಜಾಗ ಜಾಸ್ತಿ, ಸತ್ವ ಕಮ್ಮಿ.
ಇಂಜಿನ್ನಿಗೆ ಬಿಡುವ ಮುಂಚೆ ಅದನ್ನು
ಈ ಜಗಲಿಯಲ್ಲಿ ಸ್ವಲ್ಪ ಕೂರಿಸಬೇಕು.
ಹೊರಗಿನ ಗಾಳಿ ಬೀಸ್ತದೆ, ಒಳಗಿನದ್ದು ತಣಿಯುತ್ತದೆ.
ಒಂದನ್ನೊಂದು ಮುಟ್ಟದೆ ಸಮಾಧಾನ ಮಾಡೋದು, ಅಷ್ಟೇ ಕೆಲಸ.”

ನನ್ನ ಕೆನ್ನೆ ಬಿಸಿಯಾಯಿತು.
ತೂಕದ ಮನೆಯ ಹಳೇ ರಿಜಿಸ್ಟರಿನ ಹಿಂಬದಿಯಲ್ಲಿ,
ಗ್ರಾಸ್, ಟೇರ್, ನೆಟ್ ಕಾಲಮ್ಮುಗಳ ಮೇಲೆಯೇ
ಎರಡು ವರ್ಷದಿಂದ ನಾನೊಂದು ನೌಕೆ ಕಟ್ಟುತ್ತಿದ್ದೇನೆ.
ಹೆಸರು ‘ಕಕ್ಕಡ’.
ಶನಿಯ ಉಂಗುರ ದಾಟಿ ಎಂಟನೇ ಅಧ್ಯಾಯದಲ್ಲಿದೆ.
ಹೊಟ್ಟೆಯಲ್ಲಿ ಹನ್ನೆರಡು ಇಂಟರ್‌ಕೂಲರ್.
ಶತ್ರು ಬೆನ್ನಟ್ಟಿದಾಗ ಕ್ಯಾಪ್ಟನ್ ಬೊಳ್ಳಮ್ಮ ಕೂಗುತ್ತಾಳೆ:
“ಇಂಟರ್‌ಕೂಲರ್ ಪೂರ್ತಿ ತೆರೆಯಿರಿ!”
ಯಾಕೆಂದು ಅವಳಿಗೂ ಗೊತ್ತಿಲ್ಲ, ನನಗೂ.
ಶಬ್ದಕ್ಕೊಂದು ಗತ್ತು ಇತ್ತು, ಬರೆದೆ.

ಹೇಳಿಬಿಟ್ಟೆ. ತಮ್ಮಯ್ಯ ನಕ್ಕ.
ಮೊಯ್ದು ಬ್ರಷ್ಷು ನಿಲ್ಲಿಸಿದ.
“ಅಲ್ಲಿ ಗಾಳಿ ಉಂಟಾ?”
ಇಲ್ಲ.
“ಮತ್ತೆ ಬಿಸಿಯನ್ನು ಯಾರ ಕೈಗೆ ಕೊಡ್ತಾಳೆ ಅವಳು?”

ಲಾರಿ ಹೊಗೆಯಿಲ್ಲದೆ ಮಡಿಕೇರಿ ಕಡೆಗೆ ಏರಿತು.
ನಾನು ಕತ್ತಲಾಗುವಾಗ ಕೂಡ್ಲೂರಿಗೆ ಮರಳಿದೆ.
ಕಾಫಿ ಒಣಗಿಸುವ ಕಣ ಖಾಲಿ,
ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು.
ಸಿಲ್ವರ್ ಓಕಿನ ಒಂದು ಎಲೆಯೂ ಅಲುಗದು.
ಆದರೂ ಬಗ್ಗಿ ಅಂಗೈ ಚಾಚಿದರೆ
ಕಾಣದ ಒಂದು ಬೆಚ್ಚನೆ ಬಂದು ತಾಗುತ್ತಿದೆ,
ಯಾರೂ ಹೊತ್ತು ತರದೆ ತಾನೇ ನಡೆದು,
ನನ್ನ ಪಕ್ಕದಿಂದ ಹಾದು ಮೇಲೆ, ಚುಕ್ಕಿಗಳ ಕಡೆ.

ರಿಜಿಸ್ಟರು ತೆಗೆದು ಹನ್ನೆರಡನ್ನೂ ಹೊಡೆದುಹಾಕಿದೆ.
‘ಕಕ್ಕಡ’ಕ್ಕೆ ಎರಡು ಕಣ ಕಟ್ಟಿದೆ, ಎಡಕ್ಕೊಂದು ಬಲಕ್ಕೊಂದು,
ಐದೈದು ಎಕರೆ, ಮಸಿಗಪ್ಪು, ಕಾಗದದಷ್ಟು ತೆಳು.
ಓಡಬೇಕಾದರೆ ಬೊಳ್ಳಮ್ಮ ಅವನ್ನು ಬಿಚ್ಚಿ ಹರಡಲೇಬೇಕು.
ಹರಡಿದರೆ ಶತ್ರುವಿನ ಕಣ್ಣಿಗೆ ಕೆಂಡ,
ಮಡಚಿದರೆ ಒಳಗೇ ಬೇಯುತ್ತಾಳೆ.
ಎಂಟನೇ ಅಧ್ಯಾಯ ಮೊದಲಿಂದ ಬರೆಯಬೇಕು.
ಏಳನೆಯದೂ, ಬಹುಶಃ.

ಮೊಯ್ದುವಿನ ಬಿಲ್ಲು ಪುಟಗಳ ನಡುವೆ ಇದೆ:
ಕ್ಲೀನಿಂಗ್ ಆರುನೂರು, ಹೋಸ್ ಕ್ಲಿಪ್ ಎರಡು.
ಅದಕ್ಕೊಂದು ರೆಕ್ಕೆ ಅಂಟಿ ಬಂದಿದೆ,
ಸೀಮೆಎಣ್ಣೆಯಲ್ಲಿ ನೆನೆದು ಗಾಜಿನ ಹಾಗೆ.
ಅದನ್ನು ಬೊಳ್ಳಮ್ಮನ ಮೇಜಿನ ಮೇಲೆ ಇಟ್ಟಿದ್ದೇನೆ.
ಫ್ಯಾನುಗಳೆಲ್ಲ ನಿಂತುಹೋದ ಆ ಕೋಣೆಯಲ್ಲಿ
ಅವಳು ಉಸಿರು ಬಿಟ್ಟಾಗ ಮಾತ್ರ
ಅದು ಅಲುಗುತ್ತದೆ.